ಜನವರಿಯ ಡೆಂಗ್ಯೂ

ಘಣಸೋಲಿಯ ಒಂದು ಹೋಟೆಲಿನಲ್ಲಿ ನಾನು ಮ್ಯಾನೇಜರ್ ಆಗಿದ್ದಾಗಿನ ಮಾತು. ಜನವರಿಯಲ್ಲಿ ನಮ್ಮ ಅಡುಗೆಯ ಭಟ್ಟರು ಜ್ವರ ಬಂದು ಸ್ಟೋರ್‌ರೂಮಿನಲ್ಲೇ ಮಲಗಿದ್ದರು. "ಡೆಂಗ್ಯೂ ಇರಬಹುದಾ ಮ್ಯಾನೇಜರ್ರೇ?" ಎಂದು ಕೇಳಿದರು. "ಅದು ಮಳೆಗಾಲದ ಕಾಯಿಲೆ ಭಟ್ರೇ, ಕಷಾಯ ಕುಡಿದು ಮಲಗಿ" ಎಂದು ದೊಡ್ಡ ಡಾಕ್ಟರನ ಹಾಗೆ ಹೇಳಿಬಿಟ್ಟೆ.

ಮೂರನೇ ದಿನ ಸೊಳ್ಳೆ ತಪಾಸಣೆಗೆಂದು ಪಾಲಿಕೆಯಿಂದ ಒಬ್ಬ ಹೆಣ್ಣುಮಗಳು ಬಂದಳು. "ತಪ್ಪು ಸೀಸನ್ನಿಗೆ ಬಂದಿರಲ್ಲ, ಇದು ಚಳಿಗಾಲ" ಎಂದು ಕಿಚಾಯಿಸಿದೆ.

ಅವಳು ನನ್ನ ತಲೆಯ ಮೇಲಕ್ಕೆ ನೋಡಿ ಮರಾಠಿಯಲ್ಲಿ ಕೇಳಿದಳು: "ಹಾಗಾದ್ರೆ ಫ್ಯಾನ್ ಯಾಕೆ ಹಾಕ್ಕೊಂಡಿದ್ದೀರಿ ಕಾಕಾ? ಚಳಿ ಈಗ ಮೊದಲಿನ ಹಾಗೆ ಬೀಳೋದಿಲ್ಲ. ಸೊಳ್ಳೆಗೂ ರಜೆ ಇಲ್ಲ."

ಸ್ಟೋರ್‌ರೂಮಿನ ಬೆಲ್ಲದ ಕಪಾಟಿಗೆ ಇರುವೆ ಹತ್ತದಿರಲೆಂದು ಅದರ ನಾಲ್ಕೂ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ಇಡಿಸಿದ್ದವನು ನಾನೇ. ಊರಲ್ಲಿ ಅಮ್ಮ ಹಾಗೇ ಮಾಡುತ್ತಿದ್ದರು. ಅವಳು ಒಳಗೆ ಹೋಗಿ, ಆ ಬಟ್ಟಲುಗಳಿಗೆ ಟಾರ್ಚ್ ಬಿಟ್ಟು, "ಬಗ್ಗಿ ನೋಡಿ" ಎಂದಳು. ನಾಲ್ಕು ಬಟ್ಟಲಲ್ಲೂ ಸೊಳ್ಳೆಮರಿಗಳು ಮಿಜಿಗುಡುತ್ತಿದ್ದವು. ಮೊಳ ದೂರದಲ್ಲಿ ಭಟ್ಟರು ಕಣ್ಣು ಬಿಡಲಾರದೆ ಚಾಪೆಯ ಮೇಲೆ ಬಿದ್ದಿದ್ದರು.

ತಕ್ಷಣ ರಿಕ್ಷಾದಲ್ಲಿ ಆಸ್ಪತ್ರೆಗೆ ಒಯ್ದೆವು. ರಕ್ತ ಪರೀಕ್ಷೆಯಲ್ಲಿ ಡೆಂಗ್ಯೂ ಎಂದೇ ಬಂತು. "ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು, ಇಷ್ಟು ದಿನ ಏನು ಮಾಡುತ್ತಿದ್ದಿರಿ?" ಎಂದು ಡಾಕ್ಟರು ಕೇಳಿದರು.

ವಾರದ ಮೇಲೆ ಭಟ್ಟರು ಹಾಸಿಗೆಯಲ್ಲಿ ಎದ್ದು ಕುಳಿತರು. ನನ್ನನ್ನು ಕಂಡವರೇ, "ಮುಂದಿನ ಸಲ ಕ್ಯಾಲೆಂಡರ್ ನೋಡಿಯೇ ಜ್ವರ ತರಿಸ್ಕೊಳ್ತೇನೆ ಮ್ಯಾನೇಜರ್ರೇ" ಎಂದರು. ಕೈಕೆಳಗಿನವರಿಂದ ಮಾತು ಕೇಳಿಸಿಕೊಂಡು ಅಷ್ಟು ಖುಷಿಪಟ್ಟದ್ದು ನನ್ನ ಇಡೀ ನೌಕರಿಯಲ್ಲಿ ಅದೊಂದೇ ಸಲ.