ಗುಡ್ಡಕ್ಕೂ ಸೋಮವಾರವೇ ರಜೆ

ಮೂರು ವರ್ಷಗಳ ಹಿಂದಿನ ಮಾತು. ಮೇ ತಿಂಗಳ ಕೊನೆ. ಮುಂಬಯಿಯಲ್ಲಿ ಮಳೆ ಹಿಡಿಯಲು ಎರಡು ವಾರವೂ ಉಳಿದಿರಲಿಲ್ಲ. ನನ್ನ ಹೆಂಡತಿ ಸರೋಜಳ ಶ್ವಾಸಕೋಶ ಕೆಟ್ಟು ಆಗಲೇ ಒಂದು ವರ್ಷವಾಗಿತ್ತು. "ಮಳೆಗಾಲ ಇವರಿಗೆ ಕಷ್ಟವಾಗಬಹುದು" ಎಂದಷ್ಟೇ ಡಾಕ್ಟರು ಹೇಳಿದ್ದರು. ಅದಕ್ಕಿಂತ ಹೆಚ್ಚು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ನಮ್ಮ ಮನೆ ಮಲಾಡ್ ಪೂರ್ವದ ಒಂದು ಚಾಳಿನ ಮೊದಲ ಮಾಳಿಗೆಯಲ್ಲಿ. ಗ್ಯಾಲರಿಯಲ್ಲಿ ನಿಂತರೆ ದೂರಕ್ಕೆ ಬೋರಿವಲಿ ನ್ಯಾಷನಲ್ ಪಾರ್ಕಿನ ಗುಡ್ಡ ಕಾಣುತ್ತಿತ್ತು. ಆ ವರ್ಷ ಎದುರಿಗೆ ಒಂದು ಟವರ್ ಏಳತೊಡಗಿತು. ಅದು ಒಂದೊಂದು ಮಾಳಿಗೆ ಏರಿದ ಹಾಗೆ ಗುಡ್ಡ ಸ್ವಲ್ಪ ಸ್ವಲ್ಪವೇ ಮರೆಯಾಗುತ್ತಿತ್ತು. ಸರೋಜ ದಿನವಿಡೀ ಅಲ್ಲೇ ಕುಳಿತು ಅದನ್ನು ನೋಡುತ್ತಿದ್ದಳು.

"ಹ್ವಾಯ್, ಪೂರಾ ಮುಚ್ಚಿ ಹೋಪುಕಿಂತ ಮುಂಚೆ ಒಂದ್ ಸಲ ಅಲ್ಲಿಗೆ ಹೋಪನಾ?" ಎಂದು ಒಂದು ದಿನ ಕೇಳಿದಳು. ಮದುವೆಯಾಗಿ ಬಂದಾಗಿನಿಂದ ನನ್ನ ಹತ್ತಿರ ಅವಳು ಬಾಯಿಬಿಟ್ಟು ಕೇಳಿದ್ದು ಕಡಿಮೆ. ಮಲಾಡಿನಿಂದ ಬೋರಿವಲಿ ಎರಡೇ ಸ್ಟೇಷನ್. ಇಷ್ಟು ವರ್ಷಗಳಲ್ಲಿ ನಾವು ಅಲ್ಲಿಗೆ ಹೋಗಿರಲಿಲ್ಲ.

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಕುಂದಾಪುರದ ಕಡೆಯಿಂದ ಬಂದವನು. ಗ್ರಾಂಟ್ ರೋಡಿನ ಒಂದು ಉಡುಪಿ ಹೋಟೆಲಿನಲ್ಲಿ ಇಪ್ಪತ್ತೆಂಟು ವರ್ಷದಿಂದ ದೋಸೆ ಕಾವಲಿ ನನ್ನದೇ. ನಮ್ಮಲ್ಲಿ ವಾರದ ರಜೆ ಸರದಿಯ ಮೇಲೆ. ನನ್ನದು ಸೋಮವಾರ. ದಿನ ಬದಲಿಸಬೇಕಾದರೆ ಜೊತೆಯವನನ್ನು ಒಪ್ಪಿಸಿ, ಗಲ್ಲಾದಲ್ಲಿ ಕೂತ ಧಣಿಗೆ ಒಂದು ಮಾತು ಹೇಳಿದರೆ ಆಯಿತು. ಎಲ್ಲರೂ ಹಾಗೇ ಮಾಡುತ್ತಿದ್ದರು. ನಾನು ಮಾತ್ರ ಒಂದು ದಿನವೂ ಕೇಳಿದವನಲ್ಲ. "ಮಂಜಣ್ಣನನ್ನು ನೋಡಿ ಕಲೀರಿ, ಜ್ವರ ಬಂದ್ರೂ ಕಾವಲಿ ಬಿಟ್ಟವರಲ್ಲ" ಎಂದು ಧಣಿ ಉಳಿದವರಿಗೆ ಹೇಳುತ್ತಿದ್ದರು. ಆ ಮಾತೇ ನನಗೆ ದೊಡ್ಡ ಹಾರವಾಗಿತ್ತು.

ಮಗಳು ಪ್ರೀತಿ ಫೋರ್ಟಿನ ಒಂದು ಆಫೀಸಿನಲ್ಲಿ ಕೆಲಸಕ್ಕಿದ್ದಾಳೆ, ಅವಳಿಗೆ ರಜೆ ಭಾನುವಾರ. "ಒಂದ್ ಭಾನ್ವಾರ ರಜೆ ಕೇಣಿ. ಹೆಣ್ಣೂ ಬತ್ತಿತ್ತ್" ಎಂದಳು ಸರೋಜ.

"ಮೇ ತಿಂಗಳಲ್ಲಿ ಅರ್ಧ ಜನ ಊರಿಗೆ ಹೋಗಿರ್ತಾರೆ. ಈಗ ನಾನು ಹೋಗಿ ಹಲ್ಲುಗಿಂಜಬೇಕಾ? ಸೋಮವಾರ ನಾವಿಬ್ಬರೇ ಹೋಗುವ" ಎಂದೆ.

"ಪಪ್ಪಾ, ಏಕ್ ಬಾರ್ ಮೊಬೈಲಲ್ಲಿ ಟೈಮಿಂಗ್ ನೋಡ್ತೇನೆ ನಾ" ಎಂದು ಪ್ರೀತಿ ಫೋನ್ ಎತ್ತಿಕೊಂಡಳು.

"ಇಡು ಅದನ್ನ. ನೀನು ಹುಟ್ಟುವ ಮೊದಲಿನಿಂದ ನಾನು ಈ ಊರಲ್ಲಿದ್ದೇನೆ. ನನಗೆ ನಿನ್ನ ಮೊಬೈಲ್ ದಾರಿ ತೋರಿಸಬೇಕಾ?"

"ತುಮ್ ಭೀ ನಾ ಪಪ್ಪಾ..." ಎಂದು ಅವಳು ಫೋನ್ ಕೆಳಗಿಟ್ಟಳು.

ಒಂದು ವಾರ ನಾನು ತಯಾರಿ ಮಾಡಿದೆ. ಸ್ಟೇಷನ್ನಿನ ಮೆಟ್ಟಿಲು ಅವಳಿಂದಾಗದು, ಅದಕ್ಕೇ ಮನೆ ಬಾಗಿಲಿನಿಂದ ಆಟೋ. ಚಾಳಿನ ಹದಿನಾಲ್ಕು ಮೆಟ್ಟಿಲನ್ನು ಮೂರು ಕಡೆ ನಿಂತು ಇಳಿಯುವುದು. ಪಾರ್ಕಿನ ಒಳಗೆ ಗುಡ್ಡದ ಮೇಲಿನ ಗುಹೆಗಳವರೆಗೆ ಬಸ್ ಹೋಗುತ್ತದೆ ಎಂದು ಗಿರಾಕಿಯೊಬ್ಬರ ಬಾಯಲ್ಲಿ ಕೇಳಿದ್ದೆ. ಬಸ್ಸಿಗೆ ಕಾಯುವಾಗ ಕೂರಲು ಒಂದು ಪ್ಲಾಸ್ಟಿಕ್ ಸ್ಟೂಲ್ ತಂದೆ. ನೆರಳಿಗೆ ಕೊಡೆ, ಎರಡು ಬಾಟಲಿ ನೀರು, ಅವಳ ಮಾತ್ರೆ, ಉಸಿರಿಗೆ ಹೊಡೆದುಕೊಳ್ಳುವ ಪಂಪು. ಬೆಳಿಗ್ಗೆ ಎದ್ದು ನಾನೇ ನೀರುದೋಸೆ ಹಾಕಿ ಡಬ್ಬಿಗೆ ತುಂಬಿದೆ. ಊರಿನವರಿಗೆಲ್ಲ ದೋಸೆ ಹಾಕಿದ ನಾನು ಮನೆಯ ಒಲೆಯ ಮುಂದೆ ನಿಂತಿದ್ದು ಅದೇ ಮೊದಲು. ಸರೋಜ ಬಾಗಿಲಿಗೆ ಒರಗಿ ನೋಡುತ್ತ ನಗುತ್ತಿದ್ದಳು.

ಆಟೋದವನು ಗೇಟಿನ ಮುಂದೆ ಇಳಿಸಿ ಹೋಗಿಯೇಬಿಟ್ಟ. ದೊಡ್ಡ ಗೇಟು ಮುಚ್ಚಿತ್ತು. ಬೇಗ ಬಂದೆವೇನೋ ಎಂದುಕೊಂಡೆ. ವಾಚ್‌ಮನ್ ಹತ್ತಿರ ಬಂದು, "ಕಾಕಾ, ಆಜ್ ಸೋಮವಾರ್ ಹೈ. ಪಾರ್ಕ್ ಬಂದ್" ಎಂದ. ಪ್ರತಿ ಸೋಮವಾರವೂ ಮುಚ್ಚಿರುತ್ತದಂತೆ.

ನನಗೆ ಮೈ ಉರಿದುಹೋಯಿತು. ಒಂದು ಬೋರ್ಡಾದರೂ ಹಾಕಬಾರದಾ, ಕಾಯಿಲೆಯವರನ್ನು ಕರೆದುಕೊಂಡು ಬಂದಿದ್ದೇನೆ, ಕಣ್ಣು ಕಾಣುವುದಿಲ್ಲವಾ ಎಂದು ಬಾಯಿಗೆ ಬಂದ ಹಾಗೆ ಕೂಗಾಡಿದೆ. ಅವನು ಕೈ ಎತ್ತಿ ತೋರಿಸಿದ. ಬೋರ್ಡು ನನ್ನ ತಲೆಯ ಮೇಲೇ ಇತ್ತು.

ಸರೋಜ ನನ್ನ ತೋಳು ಹಿಡಿದಳು. "ಸಾಕ್, ಬೈಬೇಡಿ" ಎಂದು ಉಸಿರು ಹಿಡಿದುಕೊಂಡು ನಕ್ಕಳು. "ನಿಮ್ಗೂ ಗುಡ್ಡೆಗೂ ಒಂದೇ ದಿನ ರಜೆ ಕಾಣಿ."

ಆ ವಾಚ್‌ಮನ್ ಒಳ್ಳೆಯ ಮನುಷ್ಯ. ಅಷ್ಟು ಬೈಸಿಕೊಂಡೂ ನಮ್ಮ ಸ್ಟೂಲನ್ನು ತಾನೇ ಗೇಟಿನ ಪಕ್ಕದ ನೆರಳಿಗೆ ಒಯ್ದು ಹಾಕಿದ. "ಬೈಠೋ ಕಾಕಿ" ಎಂದ. ಅವಳು ಕೂತು ಕಂಬಿಗಳ ನಡುವಿನಿಂದ ಒಳಗೆ ನೋಡತೊಡಗಿದಳು. ಒಂದು ಡಾಂಬರು ರಸ್ತೆ, ಎರಡೂ ಬದಿ ಮರ. ಸ್ವಲ್ಪ ದೂರದಲ್ಲಿ ರಸ್ತೆ ಬಲಕ್ಕೆ ತಿರುಗಿ ಕಾಣದಾಗುತ್ತಿತ್ತು. ಅಲ್ಲಿಂದ ಗುಡ್ಡವೂ ಕಾಣುತ್ತಿರಲಿಲ್ಲ. ಗ್ಯಾಲರಿಯಿಂದಲೇ ಹೆಚ್ಚು ಕಾಣುತ್ತಿತ್ತು.

"ಆ ತಿರುವಿನ ಆಚೆ ಎಂತ ಇತ್ತ್?" ಎಂದು ಕೇಳಿದಳು.

"ಒಂದು ಹೊಳೆ. ಆಮೇಲೆ ಬಸ್ ನಿಲ್ಲುವ ಜಾಗ. ಅಲ್ಲಿಂದ ಮೇಲೆ ಪೂರಾ ಕಾಡು" ಎಂದೆ. ನನಗೇನೂ ಗೊತ್ತಿರಲಿಲ್ಲ. ಅವಳಿಗೂ ಅದು ಗೊತ್ತಾಗಿರಬೇಕು.

ಅರ್ಧ ದೋಸೆ ತಿಂದಳು. ಡಬ್ಬಿಯಲ್ಲಿ ಉಳಿದದ್ದನ್ನು ವಾಚ್‌ಮನ್‌ಗೆ ಕೊಡಿಸಿದಳು. ಅವನು ಕೈ ಒರೆಸಿಕೊಳ್ಳುತ್ತ, "ಕಲ್ ಆವೋ ಕಾಕಾ. ಮೈ ಖುದ್ ಕಾಕಿ ಕೋ ಬಸ್ ಮೇ ಬಿಠಾ ದೂಂಗಾ" ಎಂದ. ನಾಳೆ ಬನ್ನಿ, ನಾನೇ ಬಸ್ಸಿನಲ್ಲಿ ಕೂರಿಸುತ್ತೇನೆ ಎಂದು.

ನಾಳೆ ಮಂಗಳವಾರ. ನಾನು ಜೇಬಿನಿಂದ ಫೋನ್ ತೆಗೆದೆ. ಧಣಿಯ ನಂಬರ್ ಹುಡುಕಿದೆ. ಸರೋಜ ಗೇಟಿನಿಂದ ಮುಖ ತಿರುಗಿಸಿ ನನ್ನ ಕೈಯನ್ನೇ ನೋಡುತ್ತಿದ್ದಳು. ಬೆರಳು ನಂಬರಿನ ಮೇಲಿತ್ತು. ಏನೆಂದು ಹೇಳುವುದು? ಪಾರ್ಕ್ ನೋಡಲು ರಜೆ ಕೊಡಿ ಎಂದು, ಈ ವಯಸ್ಸಿನಲ್ಲಿ, ಜನವಿಲ್ಲದ ಹೊತ್ತಿನಲ್ಲಿ? ನಾನಿಲ್ಲದಿದ್ದರೆ ಕಾವಲಿಯ ಮುಂದೆ ಯಾರು ನಿಲ್ಲುತ್ತಾರೆ? ಫೋನನ್ನು ವಾಪಸ್ಸು ಜೇಬಿಗೆ ಹಾಕಿದೆ.

"ಮಳೆ ಕಳೀಲಿ. ಆಗ ಎಲ್ಲ ಹಸಿರಾಗಿರ್ತದೆ, ಚೆಂದ" ಎಂದೆ.

"ಆಯ್ತ್" ಎಂದಳು. ಅಷ್ಟೇ. ಆಟೋ ಹಿಡಿದು ಮನೆಗೆ ಬಂದೆವು. ಹದಿನಾಲ್ಕು ಮೆಟ್ಟಿಲು ಹತ್ತಲು ಆವತ್ತು ಐದು ಕಡೆ ನಿಲ್ಲಬೇಕಾಯಿತು.

ಮಳೆ ಹಿಡಿದ ಮೂರನೇ ದಿನ ಅವಳನ್ನು ಆಸ್ಪತ್ರೆಗೆ ಸೇರಿಸಿದೆವು. ಒಂಬತ್ತು ದಿನ ಇದ್ದಳು. ಮನೆಗೆ ಬರಲಿಲ್ಲ.

ಸುದ್ದಿ ಕೇಳಿ ಧಣಿ ಅಷ್ಟು ದೂರದಿಂದ ಚಾಳಿಗೇ ಬಂದರು. ನನ್ನ ಹೆಗಲ ಮೇಲೆ ಕೈಯಿಟ್ಟು, "ಹದಿನೈದು ದಿನ ಆ ಕಡೆ ತಲೆ ಹಾಕಬೇಡಿ ಮಂಜಣ್ಣ. ಎಲ್ಲ ನಾನು ನೋಡಿಕೊಳ್ತೇನೆ" ಎಂದರು. ನಾನು ಕೇಳಿರಲೂ ಇಲ್ಲ. ಪಕ್ಕದಲ್ಲಿ ಕೂತಿದ್ದ ಪ್ರೀತಿ ತಲೆಯೆತ್ತಿ ನನ್ನನ್ನು ನೋಡಿದಳು. ಬೈದಿದ್ದರೆ ಒಳ್ಳೆಯದಿತ್ತು.

ಹದಿನೈದು ದಿನ ಕಳೆದು ಹೋಟೆಲಿಗೆ ಹೋದಾಗ ಸಾಂಬಾರಿನ ಕಡೆ ಇದ್ದವನು ಕಾವಲಿಯ ಮುಂದೆ ನಿಂತು ದೋಸೆ ಎಬ್ಬಿಸುತ್ತಿದ್ದ. ಚೆನ್ನಾಗಿಯೇ ಬರುತ್ತಿತ್ತು. ನಾನಿಲ್ಲವೆಂದು ಒಬ್ಬ ಗಿರಾಕಿಯೂ ಎದ್ದು ಹೋಗಿರಲಿಲ್ಲ.

ಈಗಲೂ ನನ್ನ ರಜೆ ಸೋಮವಾರವೇ. ಆ ಸ್ಟೂಲನ್ನು ಗ್ಯಾಲರಿಯಲ್ಲಿ ಹಾಕಿಕೊಂಡು ಕೂರುತ್ತೇನೆ. ಟವರ್ ಪೂರ್ತಿಯಾಗಿದೆ, ಗುಡ್ಡ ಇಲ್ಲ. "ಚಲೋ ಪಪ್ಪಾ, ಒಂದು ಸಂಡೇ ನಾವಿಬ್ರೂ ಹೋಗಿ ಬರುವ" ಎಂದು ಪ್ರೀತಿ ಎರಡು ಸಲ ಕರೆದಳು. ನನಗೆ ಕಾಲು ಬರುವುದಿಲ್ಲ. ದುಡಿದದ್ದಕ್ಕೆ ನನಗೆ ನಾಚಿಕೆಯಿಲ್ಲ. ಆದರೆ ಬಾಯಿಬಿಟ್ಟು ಒಂದು ದಿನ ಕೇಳದೆ ಇದ್ದದ್ದನ್ನು ಮರ್ಯಾದೆ ಎಂದುಕೊಂಡಿದ್ದೆನಲ್ಲ, ಅದಕ್ಕೆ ನಾಚಿಕೆಯಿದೆ.

ಆ ತಿರುವಿನ ಆಚೆ ಏನಿದೆ ಎಂದು ನನಗೆ ಇನ್ನೂ ಗೊತ್ತಿಲ್ಲ.