ಬಹರೈನಿನ ಸಂಬಳ, ಶಂಕರಪುರದ ಮಲ್ಲಿಗೆ

ನಾನು ಮುಂಗಡ ಹಣವನ್ನು ಮೇಜಿನ ಮೇಲಿಟ್ಟದ್ದೇ ತಡ, ಲಾರೆನ್ಸರ ಹೆಂಡತಿ ಲಿಲ್ಲಿಬಾಯಿ ಹೂ ಕಟ್ಟುವುದನ್ನು ನಿಲ್ಲಿಸಿ ಎದ್ದು ಬಂದರು. ಸಾವಿರದ ಒಂಬೈನೂರ ಎಂಬತ್ತರ ಆಸುಪಾಸಿನ ಮಾತು; ಜಾಗ ಕೊಂಡು ಮಾರುವ ವ್ಯಾಪಾರ ನನ್ನದು. ಶಂಕರಪುರದ ಅವರ ಮಲ್ಲಿಗೆ ತೋಟವನ್ನು ಚೌಕಾಸಿ ಮಾಡಿ ಒಳ್ಳೆಯ ಬೆಲೆಗೇ ಇಳಿಸಿದ್ದೆ. ಲಾರೆನ್ಸ್ ಅದನ್ನು ಮಾರಿ ಹೆಂಡತಿ ಮಕ್ಕಳ ಸಮೇತ ಬಹರೈನಿಗೆ ಹೊರಟಿದ್ದರು. ಅಲ್ಲಿ ಸಿಗುವ ಸಂಬಳವನ್ನು ರೂಪಾಯಿ ಲೆಕ್ಕಕ್ಕೆ ಗುಣಿಸಿ ಊರಿಗೆಲ್ಲ ಹೇಳಿಯೂ ಆಗಿತ್ತು.

ಬಹರೈನಿನಿಂದ ರಜೆಗೆ ಬಂದಿದ್ದ ನೆರೆಮನೆಯ ಹಸನಬ್ಬ ಅಲ್ಲೇ ಕುಳಿತಿದ್ದರು. ಲಿಲ್ಲಿಬಾಯಿ ಅವರನ್ನೇ ಕೇಳಿದರು: "ಇವರ ಸಂಬಳದಲ್ಲಿ ಅಲ್ಲಿ ಸಂಸಾರ ನಡೀತದಾ?"

"ಬಾಡಿಗೆಗೇ ಅರ್ಧ ಹೋಗ್ತದೆ. ಸಂಸಾರ ಇಟ್ಟವರ ಮನೆಯಲ್ಲಿ ಹೆಚ್ಚಾಗಿ ಹೆಂಡತಿಗೂ ಕೆಲಸ ಉಂಟು, ನರ್ಸೋ ಟೀಚರೋ."

ಲಿಲ್ಲಿಬಾಯಿ ಗಂಡನ ಕಡೆ ತಿರುಗಿದರು. "ಕೇಳಿದ್ರಾ? ಇಲ್ಲಿ ಅಡಿಗೆ ಬೇಯುವುದು ನನ್ನ ಹೂವಿನ ದುಡ್ಡಿನಲ್ಲಿ. ಅಲ್ಲಿ ಮರಳಿನಲ್ಲಿ ನಾನು ಎಂತ ಕಟ್ಟುವುದು ಮಾರಾಯ್ರೆ?"

ಲಾರೆನ್ಸ್ ಮುಂಗಡದ ಹಣವನ್ನು ನನ್ನ ಕಡೆಗೇ ವಾಪಸು ಸರಿಸಿದರು. ಮುಂದಿನ ತಿಂಗಳು ಒಬ್ಬರೇ ವಿಮಾನ ಹತ್ತಿದರು.

ತೋಟ ಕೈತಪ್ಪಿದ್ದಕ್ಕೆ ಬೇಸರವಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಆಸ್ತಿ ಮಾರಿ ಪರದೇಶಕ್ಕೆ ಹೊರಟವರು ಯಾರೇ ಬರಲಿ, ಅಂದಿನಿಂದ ನಾನು ಹೇಳುವುದು ಒಂದೇ: ಅಲ್ಲಿ ನಿಮ್ಮಂಥ ಮನೆಗೆ ತಿಂಗಳಿಗೆ ಎಷ್ಟು ಬೇಕು, ಅದನ್ನು ಎಷ್ಟು ಜನ ದುಡಿದು ತರುತ್ತಾರೆ ಎಂದು ವಿಚಾರಿಸಿ ಬನ್ನಿ, ರೇಟಿನ ಮಾತು ಆಮೇಲೆ ಆಡೋಣ.