ಕಟ್ಟೆಯಿಲ್ಲದ ದ್ವೀಪದ ಹದಿನೇಳು ವೋಟು

ಪೆತ್ರೂಸಾ ದ್ವೀಪದಲ್ಲಿ ದೋಣಿಕಟ್ಟೆ ಇಲ್ಲ. ದೋಣಿ ಹತ್ತಬೇಕಾದರೆ ತೊಡೆಮಟ್ಟದ ನೀರಿಗಿಳಿಯಬೇಕು. ಕಾಲು ಸೋತ ಮುದುಕರನ್ನು ದೋಣಿ ನಡೆಸುವ ಕಲಿರೋಯಿಯೇ ಬೆನ್ನ ಮೇಲೆ ಹೊತ್ತು ಹತ್ತಿಸುತ್ತಾಳೆ. ಗಂಡ ಸತ್ತ ಮೇಲೆ ದೋಣಿಯೂ ಈ ಹೊರೆಯೂ ಅವಳ ಪಾಲಿಗೆ ಬಂದವು. ಐವತ್ತೆಂಟರ ಹೆಂಗಸು, ಗಂಡಸರು ನಾಚಬೇಕು, ಅಂಥ ಗಟ್ಟಿಗಿತ್ತಿ.

ಏಜಿಯನ್ ಸಮುದ್ರದ ನಾಲ್ಕು ದ್ವೀಪ ಸೇರಿದ ಆ ಕ್ಷೇತ್ರಕ್ಕೆ ಒಬ್ಬನೇ ಎಂಪಿ. ಅವನು ಕಲಿರೋಯಿಯ ಅಣ್ಣನ ಮಗ ಅರಿಸ್ತೀದಿಸ್. ಪಟ್ಟಣದಲ್ಲಿ ಬೆಳೆದವನಾದರೂ ಚಿಕ್ಕಂದಿನಲ್ಲಿ ಪ್ರತಿ ರಜೆಗೂ ಬರುತ್ತಿದ್ದ, ಅತ್ತೆಯ ಬೆನ್ನ ಮೇಲೆಯೇ ದಡ ಸೇರುತ್ತಿದ್ದ. ಮಕ್ಕಳಿಲ್ಲದ ಅವಳಿಗೆ ಅವನೆಂದರೆ ಜೀವ. ಗೆದ್ದರೆ ಕಟ್ಟೆ ಕಟ್ಟಿಸುತ್ತೇನೆ ಎಂದಿದ್ದ. ಗೆದ್ದ, ಮರೆತ. ಈ ಸಲ ಊರಿನ ಹದಿನೇಳು ವೋಟಿನಲ್ಲಿ ಅವಳದೊಂದು ಬಿಟ್ಟು ಉಳಿದದ್ದೆಲ್ಲ ಎದುರಾಳಿಗೆ ಎಂದು ಜನ ಬಾಯಿಬಿಟ್ಟೇ ಹೇಳಿದ್ದರು.

ವೋಟು ಹಾಕಲು ಎದುರಿನ ದೊಡ್ಡ ದ್ವೀಪದ ಶಾಲೆಗೆ ಹೋಗಬೇಕು. ಚುನಾವಣೆಯ ಭಾನುವಾರ ಬೆಳಿಗ್ಗೆ ಗಾಳಿ ಎದ್ದಿತ್ತು. ದಾಟಲಾಗದ ಗಾಳಿಯೇನಲ್ಲ. ಆದರೆ ಆಗುವುದಿಲ್ಲ ಎಂದು ಅವಳು ಅಂದಿದ್ದರೆ ಯಾರೂ ಎದುರಾಡುತ್ತಿರಲಿಲ್ಲ. ಇಲ್ಲಿ ದೋಣಿಯವಳ ಮಾತೇ ಕೊನೆ. ಒಂದು ಗಳಿಗೆ ಕಡಲನ್ನೇ ನೋಡುತ್ತಾ ನಿಂತಳು. ಆಮೇಲೆ ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿ ನೀರಿಗಿಳಿದಳು.

"ಬಾ ಅಜ್ಜ, ಮೊದ್ಲು ನೀನೇ ಹತ್ತು."

ತೊಂಬತ್ತರ ಲಿನಾರ್ದೋಸ್ ಅಜ್ಜ ಬೆನ್ನೇರಿ ಅವಳ ಕಿವಿಯಲ್ಲೇ ಕುಟುಕಿದ: "ನಿನ್ನ ಅಳಿಯ ಕಟ್ಟಿಸಿದ ಕಟ್ಟೆ ಭಾರಿ ಗಟ್ಟಿಯಾಗಿದೆ ಕಣಮ್ಮ!"

"ಸುಮ್ನೆ ಕೂತ್ಕೋ. ಇಲ್ದಿದ್ರೆ ನಿಮ್ಮ ಪಾರ್ಟಿಗೆ ಇಲ್ಲೇ ಒಂದು ವೋಟು ಕಮ್ಮಿ ಆಗುತ್ತೆ!"

ಒಂಬತ್ತು ಜನರನ್ನು ಹೊತ್ತಳು. ಹೊತ್ತದ್ದು ತನ್ನ ಹುಡುಗನ ಸೋಲನ್ನೇ ಎಂದು ಗೊತ್ತಿದ್ದೂ ಹೊತ್ತಳು. ಇಂಥ ಮನಸ್ಸು ಪಾರ್ಲಿಮೆಂಟಿನಲ್ಲಿ ಹುಡುಕಿದರೂ ಸಿಕ್ಕುವುದು ಕಷ್ಟ.

ಅರಿಸ್ತೀದಿಸ್ ಹನ್ನೊಂದು ವೋಟಿನಿಂದ ಸೋತ. ಪೆತ್ರೂಸಾದವರು ಬರದಿದ್ದರೆ ನಾಲ್ಕರಿಂದ ಗೆಲ್ಲುತ್ತಿದ್ದ.

ವಾರದ ಮೇಲೆ ಬಾಡಿಗೆ ದೋಣಿಯಲ್ಲಿ ಬಂದ. ದಡದಲ್ಲಿ ಬಲೆ ಹರವುತ್ತಿದ್ದ ಅತ್ತೆಗೆ ದೋಣಿಯಿಂದಲೇ ಕೂಗಿದ: "ಅವತ್ತು ಗಾಳಿ ಇತ್ತಲ್ಲ ಅತ್ತೆ. ಆಗಲ್ಲ ಅಂದಿದ್ರೆ ನಿನ್ನನ್ಯಾರು ಕೇಳ್ತಿದ್ರು?"

"ಯಾರೂ ಕೇಳ್ತಿರಲಿಲ್ಲ ಕಣೋ. ನನ್ನ ವೋಟು ನಿಂಗೇ ಹಾಕಿದೀನಿ. ಅವರದನ್ನ ತಡೆಯೋಕೆ ನಾನ್ಯಾರು?"

ಅವಳ ಕಣ್ಣು ತುಂಬಿತ್ತು. ಆದರೂ ಹಳೆಯ ಅಭ್ಯಾಸದಂತೆ ನೀರಿಗಿಳಿದು, ದೋಣಿಯ ಪಕ್ಕ ಬಂದು ಬೆನ್ನು ಕೊಟ್ಟು ನಿಂತಳು. "ಬಾ, ಹತ್ತು."

ಅವನು ಆ ಬೆನ್ನನ್ನು ನೋಡಿದ. ಬೂಟು ಬಿಚ್ಚಿಟ್ಟು ತಾನೇ ನೀರಿಗಿಳಿದ. ಚಳಿಗೆ ಉಸಿರು ಸಿಕ್ಕಿಕೊಂಡಿತು.

"ಇಷ್ಟು ಆಳವಾ ಅತ್ತೆ?"

"ನೀನು ಹುಟ್ಟೋಕೆ ಮುಂಚಿನಿಂದ್ಲೂ ಇಷ್ಟೇ."